ಗೋಡೆ ಹೊರಚಾಚುವ ಬಸ್ಸುಗಳು: ಸೌಖ್ಯದ ಲೆಕ್ಕ, ಸುರಕ್ಷತೆಯ ಪ್ರಶ್ನೆ

ಬೆಂಗಳೂರು: ರಾಜಧಾನಿಯ ಮಧ್ಯಮವರ್ಗದ ಕನಸಿಗೆ ಬಹುಕಾಲದಿಂದ ಒಂದೇ ಅಳತೆ. ಅದು 30x40 ಅಡಿಯ ನಿವೇಶನ. ಸಂಜಯನಗರ, ಭೂಪಸಂದ್ರ, ನಾಗಶೆಟ್ಟಿಹಳ್ಳಿಗಳ ಅಡ್ಡರಸ್ತೆಗಳ ಇಕ್ಕೆಲಗಳಲ್ಲಿ ಎದ್ದುನಿಂತಿರುವ ಮನೆಗಳಲ್ಲಿ ಹಲವು ಈ ಅಳತೆಯ ಸಂತಾನವೇ. ಆ ನಿವೇಶನದ ಉದ್ದದ ಬದಿ 40 ಅಡಿ, ಅಂದರೆ 12 ಮೀಟರಿಗಿಂತ ತುಸು ಹೆಚ್ಚು. ಸಾಮಾನ್ಯ ದೊಡ್ಡ ಬಸ್ಸೊಂದರ ಉದ್ದವೂ 12 ಮೀಟರ್. ಹೀಗಾಗಿ ಬಸ್ಸನ್ನೇ ಮನೆಯಾಗಿಸಿಕೊಳ್ಳಲು ಹೊರಟವನಿಗೆ ಉದ್ದದ ಕೊರತೆಯಿಲ್ಲ. ಕೊರತೆ ಇರುವುದು ಅಗಲದಲ್ಲಿ. ನಿವೇಶನದ ಅಗಲ 30 ಅಡಿಯಾದರೆ ಬಸ್ಸಿನ ಅಗಲ ಎಂಟೂವರೆ ಅಡಿ ಮಾತ್ರ.

ಈ ಎಂಟೂವರೆ ಅಡಿಯ ಕಟ್ಟನ್ನು ಮೀರುವ ಉಪಾಯವೇ 'ಸ್ಲೈಡ್‌ಔಟ್', ಅಂದರೆ ಹೊರಚಾಚು ಕೋಣೆ. ವಾಹನ ನಿಂತ ಮೇಲೆ ಗುಂಡಿಯೊಂದನ್ನು ಒತ್ತಿದರೆ ಪಕ್ಕದ ಗೋಡೆಯ ಒಂದು ಭಾಗ ಸೋಫಾ, ಅಡುಗೆಕಟ್ಟೆ ಅಥವಾ ಮಂಚದ ಸಮೇತ ಹೊರಕ್ಕೆ ಜಾರುತ್ತದೆ. ಓಣಿಯಂತಿದ್ದ ಬಸ್ಸಿನ ಒಡಲು ಕೋಣೆಯಾಗುತ್ತದೆ. ಅಮೆರಿಕ ಮತ್ತು ಕೆನಡಾಗಳ ಐಷಾರಾಮಿ ಮೋಟಾರ್‌ಹೋಮ್‌ಗಳಲ್ಲಿ ಇದು ಇಂದು ಸಾಮಾನ್ಯ ಸೌಲಭ್ಯ. ಭಾರತದಲ್ಲಿ ಚಿತ್ರರಂಗದ ವ್ಯಾನಿಟಿ ವ್ಯಾನುಗಳ ಮೂಲಕ ಪರಿಚಯವಾದ ಈ ಕಲ್ಪನೆ, ಕ್ಯಾರವಾನ್ ಪ್ರವಾಸೋದ್ಯಮದ ಮಾತು ಬಲಗೊಂಡಂತೆ ಬಸ್ಸು ಕಟ್ಟುವವರ ಮತ್ತು ಕೊಳ್ಳುವವರ ಮೇಜಿನ ಮೇಲೂ ಬಂದು ಕುಳಿತಿದೆ. ಯಾವ ವ್ಯವಸ್ಥೆ ಉತ್ತಮ, ಯಾವುದು ನಮ್ಮ ರಸ್ತೆಗೆ ಒಗ್ಗೀತು, ಇವುಗಳಿಗಿಂತ ಮುಖ್ಯವಾಗಿ ಅದು ಒಳಗಿರುವವರ ಪ್ರಾಣಕ್ಕೆ ಎಷ್ಟು ಕ್ಷೇಮ ಎಂಬ ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳುವುದು ಒಳಿತು.

ಕಾನೂನೇ ಹೆತ್ತ ಕೂಸು

ಹೊರಚಾಚು ಕೋಣೆಯ ಹುಟ್ಟಿಗೆ ಕಾರಣ ರಸ್ತೆಯ ಕಾನೂನು. ಅಮೆರಿಕದಲ್ಲಿ ವಾಹನದ ಅಗಲಕ್ಕೆ 102 ಅಂಗುಲಗಳ, ಅಂದರೆ ಸುಮಾರು 2.59 ಮೀಟರಿನ ಮಿತಿಯಿದೆ. ಭಾರತದ ಕೇಂದ್ರೀಯ ಮೋಟಾರು ವಾಹನ ನಿಯಮಗಳು ವಿಧಿಸುವ ಮಿತಿ 2.6 ಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ. ಚಲಿಸುವಾಗ ಈ ಮಿತಿಯನ್ನು ಮೀರುವಂತಿಲ್ಲ. ಆದರೆ ನಿಂತಾಗ? ಈ ಪ್ರಶ್ನೆಗೆ ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪೆನಿ 1990ರಲ್ಲಿ ತನ್ನ ಮೋಟಾರ್‌ಹೋಮ್‌ಗಳಲ್ಲಿ ಕೊಟ್ಟ ಉತ್ತರವೇ ಹೊರಚಾಚು ಕೋಣೆ. ಅನಂತರದ ವರ್ಷಗಳಲ್ಲಿ ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು.

ಬಸ್ಸಿನಿಂದ ರೂಪಾಂತರಗೊಂಡ ಮೋಟಾರ್‌ಹೋಮ್‌ಗಳ ಲೋಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಪ್ರಿವೋಸ್ಟ್ ಕಂಪೆನಿಯದು ದೊಡ್ಡ ಹೆಸರು. 1924ರಲ್ಲಿ ಆರಂಭವಾದ ಈ ಸಂಸ್ಥೆ ಇಂದು ವೋಲ್ವೊ ಸಮೂಹದ ಅಂಗ. ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ ಕಾರ್ಖಾನೆ ಹೊಂದಿರುವುದೂ ಅದೇ ಸಮೂಹವೇ. ಪ್ರಿವೋಸ್ಟ್ 45 ಅಡಿಯ ಖಾಲಿ ಬಸ್ಸನ್ನು ಕಟ್ಟಿಕೊಡುತ್ತದೆ. ಮ್ಯಾರಥಾನ್, ಲಿಬರ್ಟಿ, ಮಿಲೇನಿಯಂ ಮುಂತಾದ ಅಮೆರಿಕನ್ ಸಂಸ್ಥೆಗಳು ಅದರ ಒಳಗೆ ಮನೆ ಕಟ್ಟುತ್ತವೆ. ಹೊಸದೊಂದರ ಬೆಲೆ 20 ಲಕ್ಷ ಡಾಲರ್‌ಗಳನ್ನೂ ಮೀರುವುದುಂಟು. ಒಕ್ಲಹೋಮದ ನ್ಯೂವೆಲ್ ಸಂಸ್ಥೆ ಬಸ್ಸಿನ ಗಾತ್ರದ ವಾಹನವನ್ನು ಬುಡದಿಂದ ತಾನೇ ನಿರ್ಮಿಸುತ್ತದೆ. ಇವರೆಲ್ಲರ ನಡುವಣ ಪೈಪೋಟಿಯಲ್ಲಿ ಗ್ರಾನೈಟ್ ನೆಲ, ಚರ್ಮದ ಆಸನಗಳಿಗಿಂತ ಹೆಚ್ಚು ಚರ್ಚೆಗೆ ಗುರಿಯಾಗುವುದು ಹೊರಚಾಚು ಕೋಣೆಯ ಯಂತ್ರವೇ. ಆಸನ ಹರಿದರೆ ಹೊಲಿಸಬಹುದು. ಕೋಣೆ ಹೊರಗೆ ಸಿಕ್ಕಿಕೊಂಡರೆ ಬಸ್ಸು ನಿಂತಲ್ಲಿಂದ ಕದಲುವಂತಿಲ್ಲ.

ನಾಲ್ಕು ದಾರಿ, ನಾಲ್ಕು ಗುಣ

ಕೋಣೆಯನ್ನು ಹೊರದೂಡುವ ವಿಧಾನಗಳಲ್ಲಿ ಮುಖ್ಯವಾದವು ನಾಲ್ಕು. ಮೊದಲನೆಯದು ಹಲ್ಲುಪಟ್ಟಿ ಮತ್ತು ಹಲ್ಲುಚಕ್ರದ ವ್ಯವಸ್ಥೆ. ನೆಲದಡಿಯಲ್ಲಿ ಎರಡು ಉಕ್ಕಿನ ತೋಳುಗಳು, ಅವುಗಳ ಮೇಲೆ ಹಲ್ಲುಗಳು, ಅವನ್ನು ತಿರುಗಿಸುವ ಒಂದು ವಿದ್ಯುತ್ ಮೋಟಾರ್. ಎರಡೂ ತೋಳುಗಳನ್ನು ಒಂದೇ ದಂಡ ಜೋಡಿಸುವುದರಿಂದ ಕೋಣೆ ಓರೆಯಾಗದೆ ಸಮನಾಗಿ ಚಲಿಸುತ್ತದೆ. ರಚನೆ ಸರಳ; ಹಳ್ಳಿಯ ಮೆಕ್ಯಾನಿಕ್ ಕೂಡ ನೋಡಿದೊಡನೆ ಅರ್ಥ ಮಾಡಿಕೊಳ್ಳಬಲ್ಲ. ಮೋಟಾರ್ ಕೈಕೊಟ್ಟರೆ ಹಿಡಿಕೆ ಹಾಕಿ ತಿರುಗಿಸಿ ಕೋಣೆಯನ್ನು ಒಳಗೆಳೆದುಕೊಳ್ಳಬಹುದು. ಆದರೆ ತೋಳುಗಳು ನೆಲದಡಿಯ ಜಾಗವನ್ನು ನುಂಗುತ್ತವೆ. ಬಸ್ಸಿನಲ್ಲಿ ಅದೇ ಜಾಗ ಸಾಮಾನು ಗೂಡಿಗೆ, ನೀರಿನ ತೊಟ್ಟಿಗೆ, ಬ್ಯಾಟರಿಗೆ ಬೇಕು. ಜತೆಗೆ ರಸ್ತೆಯ ಧೂಳು, ಕೆಸರುಗಳಿಗೆ ಹಲ್ಲುಗಳು ಸದಾ ತೆರೆದಿರುತ್ತವೆ.

ಎರಡನೆಯದು ಹೈಡ್ರಾಲಿಕ್ ವ್ಯವಸ್ಥೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸಿಲಿಂಡರುಗಳು ಕೋಣೆಯನ್ನು ತಳ್ಳುತ್ತವೆ, ಎಳೆಯುತ್ತವೆ. ಅಯೋವಾದ ಎಚ್‌ಡಬ್ಲ್ಯುಎಚ್ ಸಂಸ್ಥೆ ಈ ಬಗೆಯಲ್ಲಿ ಹೆಸರುವಾಸಿ. ರೆಫ್ರಿಜರೇಟರ್, ಕಲ್ಲಿನ ಅಡುಗೆಕಟ್ಟೆ ಹೊತ್ತ ಭಾರದ ಕೋಣೆಗೆ ಬೇಕಾದ ಬಲ ಇದರಲ್ಲಿದೆ. ವಾಹನವನ್ನು ಸಮತಟ್ಟಾಗಿ ನಿಲ್ಲಿಸುವ ಜಾಕ್‌ಗಳಿಗೂ ಕೋಣೆಗೂ ಒಂದೇ ಪಂಪು ಸಾಕಾಗುವುದು ಇನ್ನೊಂದು ಅನುಕೂಲ. ಕೊಳವೆ ಸೋರಿದರೆ ಮಾತ್ರ ಅನುಕೂಲವೇ ಅನನುಕೂಲವಾಗಿ ತಿರುಗುತ್ತದೆ. ಪಂಪೊಂದು ಕೆಟ್ಟರೆ ಜಾಕ್ ಮತ್ತು ಕೋಣೆ ಎರಡೂ ಸ್ತಬ್ಧ. ಎರಡು ಸಿಲಿಂಡರುಗಳ ವೇಗ ಸಮನಾಗಿರದಿದ್ದರೆ ಕೋಣೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಇದನ್ನು ತಡೆಯಲು ಎರಡು ಬದಿಗಳನ್ನೂ ಬಂಧಿಸುವ ಯಾಂತ್ರಿಕ ಜೋಡಣೆ ಅನಿವಾರ್ಯ.

ಮೂರನೆಯದು ಗೋಡೆಯೊಳಗಿನ ವ್ಯವಸ್ಥೆ. ಇದು ಶ್ವಿಂಟೆಕ್ ಎಂಬ ಹೆಸರಿನಿಂದ ಪ್ರಸಿದ್ಧ. 2010ರಲ್ಲಿ ಲಿಪರ್ಟ್ ಸಂಸ್ಥೆ ಇದನ್ನು ತನ್ನದಾಗಿಸಿಕೊಂಡಿತು. ಕೋಣೆಯ ಎರಡು ಬದಿಗಳಲ್ಲಿ ಮೇಲೆ ಮತ್ತು ಕೆಳಗೆ ತೆಳುವಾದ ಅಲ್ಯೂಮಿನಿಯಂ ಹಲ್ಲುಪಟ್ಟಿಗಳು, ಪ್ರತಿ ಬದಿಗೆ ಒಂದು ಪುಟ್ಟ ಮೋಟಾರ್. ನೆಲದಡಿಯ ಜಾಗ ಪೂರ್ತಿ ಉಳಿಯುತ್ತದೆ, ತೂಕವೂ ಕಡಿಮೆ. ಇಲ್ಲಿ ಎರಡು ಬದಿಗಳನ್ನು ಸರಿದೂಗಿಸುವುದು ಉಕ್ಕಿನ ದಂಡವಲ್ಲ, ವಿದ್ಯುನ್ಮಾನ ನಿಯಂತ್ರಕ. ಅದು ಮೋಟಾರುಗಳ ಸುತ್ತುಗಳನ್ನು ಎಣಿಸಿ ಹೊಂದಿಸುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ, ಕೋಣೆಯನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸವಿದ್ದರೆ ಎಣಿಕೆ ತಪ್ಪುತ್ತದೆ. ಒಂದು ಬದಿ ಮುಂದೆ, ಇನ್ನೊಂದು ಹಿಂದೆ. ಮಂಚ ಅಥವಾ ಕಪಾಟಿನಂಥ ಹಗುರ ಕೋಣೆಗೆ ಇದು ಸರಿ. ಭಾರದ ಅಡುಗೆಮನೆಯನ್ನು ಇದರ ಹೆಗಲಿಗೇರಿಸುವುದು ತರವಲ್ಲ.

ನಾಲ್ಕನೆಯದು ತಂತಿಹಗ್ಗದ ವ್ಯವಸ್ಥೆ. ಒಂದು ಮೋಟಾರ್, ಕೋಣೆಯ ನಾಲ್ಕು ಮೂಲೆಗಳಿಗೆ ಹಬ್ಬಿದ ಉಕ್ಕಿನ ತಂತಿಗಳು. ಅಗ್ಗ ಮತ್ತು ಹಗುರ. ತಂತಿ ಕಾಲಕ್ರಮದಲ್ಲಿ ಹಿಗ್ಗುತ್ತದೆ, ಎಳೆ ಬಿಡುತ್ತದೆ, ಆಗಾಗ ಬಿಗಿಗೊಳಿಸಬೇಕು. ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರುಗಳಲ್ಲಿ ಇದು ಹೆಚ್ಚು. ಭಾರದ ಬಸ್ಸಿನ ಜಾತಿಗೆ ಸೇರಿದ್ದಲ್ಲ.

ಬಸ್ಸು ರೂಪಾಂತರಗಳ ಮೇಲ್ದರ್ಜೆಯಲ್ಲಿ ಈ ಚಾಲಕಶಕ್ತಿಯ ಜತೆಗೆ ಇನ್ನೆರಡು ಅಂಗಗಳಿಗೆ ಸಮಾನ ಮಹತ್ವವಿದೆ. ಒಂದು, ಕೋಣೆ ಮತ್ತು ಗೋಡೆಯ ನಡುವಣ ಸಂದನ್ನು ಮುಚ್ಚುವ ರಬ್ಬರ್. ಅಗ್ಗದ ವಾಹನಗಳಲ್ಲಿ ಅದು ಉಜ್ಜಿಕೊಂಡೇ ಜಾರುವ ಪಟ್ಟಿ. ದುಬಾರಿ ಬಸ್ಸುಗಳಲ್ಲಿ ಅದು ಗಾಳಿ ತುಂಬುವ ಕೊಳವೆ. ಕೋಣೆ ಚಲಿಸುವ ಮುನ್ನ ಗಾಳಿ ಇಳಿಯುತ್ತದೆ, ನಿಂತ ಮೇಲೆ ಉಬ್ಬಿ ಸಂದನ್ನು ಬಿಗಿಯುತ್ತದೆ. ಬಸ್ಸಿನಲ್ಲಿ ಬ್ರೇಕಿಗಾಗಿ ಗಾಳಿಯ ಸಂಕೋಚಕ ಹೇಗೂ ಇರುವುದರಿಂದ ಈ ಏರ್ಪಾಡು ಸುಲಭ. ಇನ್ನೊಂದು, ಪ್ರಯಾಣದಲ್ಲಿ ಕೋಣೆಯನ್ನು ಬಸ್ಸಿನ ಅಸ್ಥಿಪಂಜರಕ್ಕೆ ಕಚ್ಚಿ ಹಿಡಿಯುವ ಬೀಗ. ಕೈನಿಲುಗಡೆಯ ಬ್ರೇಕ್ ಹಾಕದೆ ಕೋಣೆ ಚಲಿಸಬಾರದು, ಬೀಗ ಬೀಳದೆ ಬಸ್ಸು ಹೊರಡಬಾರದು. ಈ ಪರಸ್ಪರ ತಡೆ ಇಲ್ಲದ ವ್ಯವಸ್ಥೆ ಎಷ್ಟೇ ನಯವಾಗಿ ಜಾರಿದರೂ ಪರಿಗಣನೆಗೆ ಅನರ್ಹ.

56 ಚದರಡಿಯ ಬೆಲೆ

ಈ ಸಂಭ್ರಮದಿಂದ ದಕ್ಕುವುದೆಷ್ಟು? ಲೆಕ್ಕ ಹಾಕಿ ನೋಡಬಹುದು. 12 ಮೀಟರಿನ ಬಸ್ಸಿನಲ್ಲಿ ಚಾಲಕನ ಭಾಗವನ್ನು ಬಿಟ್ಟು ಒಂಬತ್ತೂವರೆ ಮೀಟರ್ ಉದ್ದ, 2.4 ಮೀಟರ್ ಒಳಅಗಲ ದೊರೆತರೆ ವಾಸದ ಜಾಗ ಸುಮಾರು 245 ಚದರಡಿ. ಮೂರೂವರೆ ಮೀಟರ್ ಉದ್ದದ, ಮುಕ್ಕಾಲು ಮೀಟರ್ ಚಾಚುವ ಒಂದು ಕೋಣೆಯಿಂದ ಹೆಚ್ಚುವ ಜಾಗ 28 ಚದರಡಿ. ಎರಡು ಕೋಣೆಗಳಿಂದ 56 ಚದರಡಿ. ಅಂದರೆ ಶೇಕಡ 23ರಷ್ಟು ಹೆಚ್ಚಳ. ಓಣಿಯಂಥ ಮನೆಯಲ್ಲಿ ಇದು ಸಣ್ಣದೇನಲ್ಲ. ಎದುರುಬದುರು ಕುಳಿತವರ ಮೊಣಕಾಲುಗಳ ನಡುವೆ ಮತ್ತೊಬ್ಬರು ನಡೆದಾಡಬಹುದು.

ಇದಕ್ಕೆ ತೆರುವ ಬೆಲೆ ಮೂರು ಬಗೆಯದು. ಮೊದಲನೆಯದು ತೂಕ. ಚಲಿಸುವ ಪೆಟ್ಟಿಗೆ, ಕಂಬಿಗಳು, ಮೋಟಾರು, ಕತ್ತರಿಸಿದ ಗೋಡೆಯ ಸುತ್ತ ಕೊಡಬೇಕಾದ ಬಲವರ್ಧನೆ ಎಲ್ಲ ಸೇರಿದರೆ ಭಾರ ನೂರಾರು ಕಿಲೋಗಳಷ್ಟು ಏರುತ್ತದೆ. ಎರಡು ಆಕ್ಸಲ್‌ಗಳ ಭಾರಿ ವಾಹನದ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತಾದರೂ, ಆ ಮಿತಿ ಪ್ರತಿ ಆಕ್ಸಲ್‌ಗೂ ಬೇರೆಬೇರೆಯಾಗಿ ಅನ್ವಯಿಸುತ್ತದೆ. ಅಡುಗೆಮನೆ ಒಂದೇ ಬದಿಯಲ್ಲಿದ್ದರೆ ಆ ಬದಿಯ ಟೈರುಗಳ ಮೇಲೆ ಸದಾ ಹೆಚ್ಚು ಹೊರೆ. ಘಾಟಿಯ ತಿರುವಿನಲ್ಲಿ ಅದರ ಪರಿಣಾಮ ಸ್ಟಿಯರಿಂಗ್ ಹಿಡಿದವನಿಗೇ ಗೊತ್ತು.

ಎರಡನೆಯದು ಬಲ. ಬಸ್ಸಿನ ಪಕ್ಕದ ಗೋಡೆ ಬರೀ ತಗಡಲ್ಲ. ಕಿಟಕಿಗಳ ನಡುವಣ ಕಂಬಗಳು ಮಾಡನ್ನು ಹೊರುತ್ತವೆ; ಬಸ್ಸು ಮಗುಚಿದಾಗ ಒಳಗಿನವರ ಬದುಕುವ ಜಾಗವನ್ನು ಕಾಯುವುದೂ ಅವೇ. ದೊಡ್ಡ ಪ್ರಯಾಣಿಕ ವಾಹನಗಳ ಮೇಲ್ರಚನೆಯ ಬಲಕ್ಕಾಗಿಯೇ ಎಐಎಸ್-031 ಎಂಬ ಪ್ರತ್ಯೇಕ ಮಾನದಂಡ ಭಾರತದಲ್ಲಿದೆ. ಮೂರೂವರೆ ಮೀಟರ್ ಗೋಡೆ ಕತ್ತರಿಸುವುದೆಂದರೆ ಎರಡು ಮೂರು ಕಂಬಗಳನ್ನು ತೆಗೆದುಹಾಕುವುದೆಂದೇ ಅರ್ಥ. ಪ್ರಿವೋಸ್ಟ್‌ನಂಥ ಸಂಸ್ಥೆ ಕಾರ್ಖಾನೆಯಲ್ಲೇ ರಂಧ್ರ ಬಿಟ್ಟು, ಸುತ್ತ ಬಲ ಕೊಟ್ಟು ಬಸ್ಸನ್ನು ರೂಪಿಸುವುದಕ್ಕೂ, ಓಡಿ ದಣಿದ ಹಳೆಯ ಬಸ್ಸೊಂದರ ಗೋಡೆಯನ್ನು ಶೆಡ್ಡಿನಲ್ಲಿ ಗ್ಯಾಸ್ ಕಟರಿನಿಂದ ಸೀಳುವುದಕ್ಕೂ ಅಜಗಜಾಂತರವಿದೆ.

ಮೂರನೆಯದು ನಮ್ಮ ಹವೆ. ಸ್ಲೈಡ್‌ಔಟ್ ಬೆಳೆದದ್ದು ಅಮೆರಿಕದ ಅಗಲ ಹೆದ್ದಾರಿಗಳಲ್ಲಿ, ಕಾಂಕ್ರೀಟ್ ಹಾಸಿನ ತಂಗುದಾಣಗಳಲ್ಲಿ. ಯುರೋಪಿನ ಕಿರಿದಾದ ರಸ್ತೆಗಳಲ್ಲಿ ಅದು ಇಂದಿಗೂ ಅಪರೂಪ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಷಾಢದಲ್ಲಿ, ಹೊರಚಾಚಿದ ಕೋಣೆಯ ಮಾಡಿನ ಮೇಲೆ ಬಿದ್ದ ಎಲೆ, ಕಡ್ಡಿಗಳು ಕೋಣೆ ಮುಚ್ಚುವಾಗ ರಬ್ಬರಿನೊಳಗೆ ಸಿಕ್ಕಿಕೊಳ್ಳುತ್ತವೆ. ಸಂದು ಉಳಿಯಿತೆಂದರೆ ನೀರು ಒಳಗಿಳಿಯುತ್ತದೆ. ಬಯಲುಸೀಮೆಯ ಕೆಂಧೂಳು ಹಲ್ಲುಪಟ್ಟಿಯನ್ನು ತಿನ್ನುತ್ತದೆ, ಕರಾವಳಿಯ ಉಪ್ಪುಗಾಳಿ ಉಕ್ಕನ್ನು ಕೊರೆಯುತ್ತದೆ. ರಸ್ತೆಯುಬ್ಬುಗಳ ಮೇಲೆ ಕುಲುಕಿದ ಬಸ್ಸಿನ ಒಡಲು ಕಾಲಕ್ರಮದಲ್ಲಿ ಸ್ವಲ್ಪ ತಿರುಚಿದರೂ ಸಾಕು, ಚೌಕಟ್ಟು ಓರೆಯಾಗಿ ಕೋಣೆ ಬಿಗಿಯುತ್ತದೆ. ಇನ್ನು ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವಾಗ, ಕೋಣೆ ಎಷ್ಟು ಚಾಚೀತು ಎನ್ನುವುದಕ್ಕಿಂತ ಬಸ್ಸು ಅಲ್ಲಿಗೆ ತಲುಪೀತೆ ಎನ್ನುವುದೇ ಮೊದಲ ಪ್ರಶ್ನೆ.

ಮಂಡ್ಯದ ಬಸ್ಸು ಕಲಿಸಿದ ಪಾಠ

ಐಷಾರಾಮಿ ಬಸ್ಸನ್ನು ವಿಶೇಷ ಉದ್ದೇಶಕ್ಕೆ ರೂಪಿಸಿದರೆ ಏನಾಗುತ್ತದೆಂಬುದಕ್ಕೆ ಕನ್ನಡದ ನೆಲಕ್ಕೆ ತಾಗಿದ ಉದಾಹರಣೆಯೇ ಇದೆ. ಕೇರಳದ ಮುಖ್ಯಮಂತ್ರಿ ಮತ್ತು ಸಚಿವ ಸಂಪುಟ 2023ರ ನವೆಂಬರ್ 18ರಂದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕ್ಷೇತ್ರದ ಪೈವಳಿಕೆಯಿಂದ 'ನವಕೇರಳ ಸದಸ್ಸು' ಯಾತ್ರೆ ಹೊರಟಿತು. ಅದಕ್ಕೆ ಬಳಸಿದ ಬಸ್ಸು ಸಿದ್ಧವಾದದ್ದು ಮಂಡ್ಯದಲ್ಲಿ. 'ಪ್ರಕಾಶ್' ಹೆಸರಿನಿಂದ ಪರಿಚಿತವಾಗಿರುವ ಎಸ್.ಎಂ. ಕಣ್ಣಪ್ಪ ಆಟೋಮೊಬೈಲ್ಸ್ ಭಾರತ್‌ಬೆಂಜ್ ಚಾಸಿಯ ಮೇಲೆ ಅದನ್ನು ಕಟ್ಟಿತ್ತು. ಕೇರಳ ಸರ್ಕಾರ ಮಂಜೂರು ಮಾಡಿದ ಮೊತ್ತ 1.05 ಕೋಟಿ ರೂಪಾಯಿ. ಬಾಗಿಲಲ್ಲಿ ಹೈಡ್ರಾಲಿಕ್ ಲಿಫ್ಟ್, ಒಳಗೆ ಶೌಚಾಲಯ. ಹೊರಚಾಚು ಕೋಣೆ ಮಾತ್ರ ಇರಲಿಲ್ಲ.

ಯಾತ್ರೆ ಮುಗಿದ ಮೇಲೆ ಆ ಬಸ್ಸಿಗೆ ಕೆಲಸ ಹುಡುಕುವುದೇ ಕೆಲಸವಾಯಿತು. ಮಾರ್ಪಾಡಿನ ನಂತರ ಕೇರಳ ಸಾರಿಗೆ ಸಂಸ್ಥೆ 2024ರ ಮೇ 5ರಿಂದ ಅದನ್ನು 'ಗರುಡ ಪ್ರೀಮಿಯಂ' ಹೆಸರಿನಲ್ಲಿ ಕೋಯಿಕ್ಕೋಡ್ ಮತ್ತು ಬೆಂಗಳೂರು ನಡುವೆ ಓಡಿಸಿತು. ಮೊದಲ ಪ್ರಯಾಣದಲ್ಲೇ ಬಾಗಿಲು ಸರಿಯಾಗಿ ಮುಚ್ಚದೆ ಸುದ್ದಿಯಾಯಿತು. ಯಂತ್ರದೋಷವಲ್ಲ, ಯಾರೋ ತುರ್ತು ಗುಂಡಿ ಒತ್ತಿದ್ದೇ ಕಾರಣವೆಂದು ಸಂಸ್ಥೆ ವಿವರಣೆ ನೀಡಿತು. ಕೊನೆಗೆ ಮತ್ತೊಮ್ಮೆ ಮಾರ್ಪಡಿಸಿ, ಲಿಫ್ಟ್ ತೆಗೆದು ಆಸನಗಳನ್ನು ಹೆಚ್ಚಿಸಲಾಯಿತು.

ಈ ಕಥೆಯಲ್ಲಿ ಎರಡು ಅಂಶಗಳು ಗಮನಾರ್ಹ. ಕರ್ನಾಟಕದ ಬಸ್ಸು ಕಟ್ಟುವ ಕಸುಬಿಗೆ ಇಂಥ ಬೇಡಿಕೆಯನ್ನು ಪೂರೈಸುವ ಸಾಮರ್ಥ್ಯವಿದೆ ಎಂಬುದು ಒಂದು. ಬಸ್ಸಿಗೆ ಸೇರಿಸುವ ಪ್ರತಿ ಚಲಿಸುವ ಭಾಗವೂ ಮುಂದೊಂದು ದಿನ ನಿಲ್ಲುವ ಭಾಗವೇ ಎಂಬುದು ಇನ್ನೊಂದು. ಬಾಗಿಲೊಂದರ ಗುಂಡಿಯೇ ಸುದ್ದಿಯಾಗುವಾಗ, ಅರ್ಧ ಟನ್ನಿನ ಕೋಣೆಯೊಂದು ಸಕಲೇಶಪುರದ ರಸ್ತೆಬದಿಯಲ್ಲಿ ಹೊರಚಾಚಿ ನಿಂತರೆ? ಹಿಡಿಕೆ ಹಾಕಿ ಒಳಗೆಳೆಯುವ ಸೌಕರ್ಯವಿರುವ ಹಲ್ಲುಪಟ್ಟಿ ವ್ಯವಸ್ಥೆಯ ಮಹತ್ವ ತಿಳಿಯುವುದು ಆಗಲೇ.

ಮುಚ್ಚಿದ ಕೋಣೆಯೇ ನಿಜವಾದ ಪರೀಕ್ಷೆ

ಮಾರಾಟದ ಚಿತ್ರಪಟಗಳಲ್ಲಿ ಹೊರಚಾಚು ಕೋಣೆ ಸದಾ ತೆರೆದೇ ಇರುತ್ತದೆ. ಅಪಘಾತಗಳು ಮಾತ್ರ ಅದು ಮುಚ್ಚಿರುವಾಗ ನಡೆಯುತ್ತವೆ. ಕೋಣೆ ಒಳಗೆ ಬಂದಾಗ ಸೋಫಾ ಎದುರಿನ ಕಪಾಟಿಗೆ ತಾಗುವಷ್ಟು ಸಮೀಪ ಬರುತ್ತದೆ. ಎಷ್ಟೋ ವಿನ್ಯಾಸಗಳಲ್ಲಿ ಹಿಂದಿನ ಮಲಗುವ ಭಾಗಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಅಂದರೆ ಹೆದ್ದಾರಿಯಲ್ಲಿ ಓಡುವಾಗ, ಬೆಂಕಿಯ ಅಪಾಯ ಅತಿ ಹೆಚ್ಚಿರುವ ಹೊತ್ತಿನಲ್ಲಿ, ಹೊರಬರುವ ದಾರಿ ಅತಿ ಕಿರಿದಾಗಿರುತ್ತದೆ.

ಇದು ಕಾಲ್ಪನಿಕ ಭೀತಿಯಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸತ್ತರು. ಎರಡು ವಾರ ಕಳೆಯುವಷ್ಟರಲ್ಲಿ, ನವೆಂಬರ್ 14ರಂದು, ಹಾವೇರಿ ಜಿಲ್ಲೆಯಲ್ಲಿ ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಇನ್ನೊಂದು ಬಸ್ಸಿಗೆ ಬೆಂಕಿ ತಗುಲಿ ಏಳು ಮಂದಿ ಬಲಿಯಾದರು. ಹನ್ನೆರಡು ವರ್ಷಗಳ ಬಳಿಕವೂ ಪಾಠ ಪೂರ್ತಿಯಾಗಿರಲಿಲ್ಲ. 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ ಬಸ್ಸೊಂದು ಉರಿದು 20ಕ್ಕೂ ಹೆಚ್ಚು ಮಂದಿ ಸತ್ತಾಗ, ಆ ಬಸ್ಸಿನಲ್ಲಿ ನಡೆದಿದ್ದ ಮಾರ್ಪಾಡುಗಳೇ ತನಿಖೆಯ ಮುಖ್ಯ ವಿಷಯವಾದವು. ಹತ್ತು ದಿನಗಳ ನಂತರ, ಅಕ್ಟೋಬರ್ 24ರಂದು, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲು ಬಳಿ ಭಸ್ಮವಾಯಿತು. 19 ಪ್ರಯಾಣಿಕರು ಹೊರಬರಲಾಗದೆ ಪ್ರಾಣ ಬಿಟ್ಟರು. ಹೈದರಾಬಾದಿನಿಂದ ಬರುವ ಬಸ್ಸುಗಳು ರಾಜಧಾನಿಯನ್ನು ಹೊಗುವುದು ಹೆಬ್ಬಾಳದ ಹೆದ್ದಾರಿಯ ಮೂಲಕವೇ. ಸಂಜಯನಗರದವರಿಗೆ ಅದು ದೂರದ ಸುದ್ದಿಯಲ್ಲ.

ಮನೆಬಸ್ಸಿನಲ್ಲಿ ಜನ ಕಡಿಮೆ; ಆದರೆ ಉರಿಯುವ ಸಾಮಗ್ರಿ ಹೆಚ್ಚು. ಪ್ಲೈವುಡ್, ಫೋಮ್, ಪರದೆ, ಅಡುಗೆ ಅನಿಲ, ದೊಡ್ಡ ಬ್ಯಾಟರಿ, ಇನ್ವರ್ಟರ್, ಜನರೇಟರ್ ಎಲ್ಲವೂ ಒಂದೇ ಒಡಲಲ್ಲಿ. ಹೊರಚಾಚು ಕೋಣೆ ಇದಕ್ಕೆ ಮತ್ತೊಂದು ಸೂಕ್ಷ್ಮವನ್ನು ಸೇರಿಸುತ್ತದೆ. ಕೋಣೆಯೊಳಗಿನ ದೀಪ, ಫ್ರಿಜ್‌ಗಳಿಗೆ ವಿದ್ಯುತ್ ಒಯ್ಯುವ ತಂತಿಗಳು ಪ್ರತಿ ಸಲ ಕೋಣೆ ಚಲಿಸಿದಾಗಲೂ ಮಡಚುತ್ತವೆ, ಬಿಚ್ಚಿಕೊಳ್ಳುತ್ತವೆ. ಅವುಗಳನ್ನು ಸರಪಳಿಯಂಥ ರಕ್ಷಾಕವಚದಲ್ಲಿ ಒಯ್ಯದೆ ಸುಮ್ಮನೆ ಇಳಿಬಿಟ್ಟರೆ, ಹೊದಿಕೆ ಸವೆದು ಕಿಡಿ ಹಾರುವುದಕ್ಕೆ ಬಹಳ ಕಾಲ ಬೇಕಿಲ್ಲ. ಕೊಳ್ಳುವವರು ಸೋಫಾದ ಚರ್ಮ ಮುಟ್ಟಿ ನೋಡುವ ಮುನ್ನ ಈ ತಂತಿಗಳ ದಾರಿಯನ್ನು ನೋಡಬೇಕು.

ಅಮೆರಿಕದ ನಕ್ಷೆಯನ್ನು ಹಾಗೆಯೇ ಇಳಿಸಿಕೊಳ್ಳುವುದರಲ್ಲೂ ತೊಡಕಿದೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ, ಬಾಗಿಲು ಬಲಬದಿಗೆ. ಇಲ್ಲಿ ಎಲ್ಲವೂ ತಿರುಗುಮುರುಗು. ದೊಡ್ಡ ಕೋಣೆಯನ್ನು ಬಾಗಿಲಿಲ್ಲದ ಬಲಗೋಡೆಗೆ ಇಡುವುದು ವಿನ್ಯಾಸಕಾರನಿಗೆ ಸಹಜವೆನಿಸುತ್ತದೆ. ಆದರೆ ತುರ್ತು ನಿರ್ಗಮನಕ್ಕೆ ದಾರಿ ಬೇಕಾಗುವುದೂ ಆ ಕಡೆಯಲ್ಲೇ. ಕೋಣೆಗಾಗಿ ತುರ್ತು ದಾರಿಯನ್ನು ನುಂಗುವ ವಿನ್ಯಾಸಕ್ಕೆ ಯಾವ ಸೌಂದರ್ಯದ ಸಮರ್ಥನೆಯೂ ಸಲ್ಲದು.

ಕಾನೂನು ಹೇಳುವುದೇನು?

ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಸ್ಪಷ್ಟಪಡಿಸಿತು. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂಬುದು ಅದರ ಸಾರ. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಹಳೆಯ ಬಸ್ಸು ಕೊಂಡು ಗೋಡೆ ಕತ್ತರಿಸಿ ಮನೆ ಮಾಡಿಕೊಳ್ಳುವವರು ಮೊದಲು ಇದನ್ನು ಅರಿಯಬೇಕು.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮೋಟಾರ್ ಕ್ಯಾರವಾನ್ ಎಂಬ ಪ್ರತ್ಯೇಕ ವರ್ಗವನ್ನು ನಮ್ಮ ನಿಯಮಗಳು ಗುರುತಿಸುತ್ತವೆ. ಆಸನ, ಮೇಜು, ಮಲಗುವ ಏರ್ಪಾಡು, ಅಡುಗೆ ಮತ್ತು ಸಂಗ್ರಹ ಸೌಲಭ್ಯಗಳಿರುವ ಈ ವಾಹನಗಳ ಮಾದರಿ ಅನುಮೋದನೆಗೆ ಎಐಎಸ್-124 ಎಂಬ ಮಾನದಂಡವಿದೆ. ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಗಳಲ್ಲಿ ಮಾದರಿಯನ್ನು ಪರೀಕ್ಷೆಗೊಡ್ಡಿ ಪ್ರಮಾಣಪತ್ರ ಪಡೆಯುವುದು ರಾಜಮಾರ್ಗ. ಅದು ದುಬಾರಿ, ನಿಧಾನ. ಆದರೆ ಒಂದು ಮಾದರಿ ಗೆದ್ದರೆ ಅದೇ ಮಾದರಿಯ ಹಲವು ವಾಹನಗಳಿಗೆ ದಾರಿ ತೆರೆಯುತ್ತದೆ. ಬಿಡಿಬಿಡಿಯಾಗಿ ಗೋಡೆ ಕತ್ತರಿಸುವ ಕಳ್ಳದಾರಿಗಿಂತ ಇದೇ ಕೊನೆಗೆ ಅಗ್ಗ.

ಯಾರಿಗೆ ಬೇಕು, ಎಲ್ಲಿ ಬೇಕು?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಮತ್ತು ಕ್ಯಾರವಾನ್ ಉದ್ಯಾನಗಳ ನೀತಿಯನ್ನು ರೂಪಿಸಿದ್ದು 2010ರಲ್ಲಿ. ಕೇರಳ 2021ರಲ್ಲಿ 'ಕೆರವಾನ್' ಯೋಜನೆ ಘೋಷಿಸಿ, ಮರುವರ್ಷ ವಾಗಮಣ್‌ನಲ್ಲಿ ಉದ್ಯಾನ ತೆರೆಯಿತು. ಕರ್ನಾಟಕದಲ್ಲೂ ಬೆಂಗಳೂರಿನಿಂದ ಬಾಡಿಗೆ ಕ್ಯಾರವಾನ್‌ಗಳು ಹೊರಡುತ್ತಿವೆ. ಅವುಗಳ ಮಾಲೀಕರು ಹೆಚ್ಚಾಗಿ ನೆಚ್ಚಿರುವುದು ಪಕ್ಕಕ್ಕೆ ಚಾಚುವ ಬಟ್ಟೆಯ ಮಾಡನ್ನು, ಚಾವಣಿಯ ಡೇರೆಯನ್ನು. ಅದರಲ್ಲಿ ವಿವೇಕವಿದೆ. ನಮ್ಮ ಹವೆಯಲ್ಲಿ ಪ್ರವಾಸಿ ಸಂಜೆ ಕಳೆಯುವುದು ಹೊರಗಿನ ಜಗಲಿಯಲ್ಲೇ ಹೊರತು ಹವಾನಿಯಂತ್ರಿತ ಕೋಣೆಯಲ್ಲಿ ಅಲ್ಲ. 56 ಚದರಡಿಗಾಗಿ ಗೋಡೆ ಸೀಳುವ ಬದಲು ಬಟ್ಟೆಯ ಮಾಡು ಬಿಚ್ಚಿದರೆ ಅದಕ್ಕಿಂತ ಹೆಚ್ಚು ನೆರಳು ದೊರೆಯುತ್ತದೆ.

ಹೊರಚಾಚು ಕೋಣೆ ನಿಜಕ್ಕೂ ಸಾರ್ಥಕವಾಗುವುದು ಒಂದೇ ಕಡೆ ಬಹಳ ಹೊತ್ತು ನಿಲ್ಲುವ ವಾಹನಗಳಲ್ಲಿ. ಯಶವಂತಪುರದ ಬಳಿಯ ಕಂಠೀರವ ಸ್ಟುಡಿಯೋದಂಥ ಚಿತ್ರೀಕರಣ ತಾಣಗಳಲ್ಲಿ ದಿನವಿಡೀ ನಿಲ್ಲುವ ವ್ಯಾನಿಟಿ ವ್ಯಾನುಗಳಿಗೆ ಅದು ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ ಸಂಚಾರಿ ಚಿಕಿತ್ಸಾಲಯಗಳಿಗೆ ಒಪ್ಪುತ್ತದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ 2020ರಲ್ಲಿ ಹಳೆಯ ಬಸ್ಸನ್ನು ಮೆಜೆಸ್ಟಿಕ್‌ನಲ್ಲಿ ಮಹಿಳೆಯರ ಶೌಚಾಲಯವಾಗಿಸಿತು. ಕೋವಿಡ್‌ನ ಎರಡನೇ ಅಲೆಯ 2021ರಲ್ಲಿ ಐಸಿಯು ಬಸ್ಸನ್ನು ರೂಪಿಸಿತು. ರೋಗಿಯ ಮಂಚದ ಎರಡೂ ಬದಿಯಲ್ಲಿ ನಿಲ್ಲಲು ವೈದ್ಯರಿಗೆ ಜಾಗ ಸಾಲದ ಬಸ್ಸಿನಲ್ಲಿ ಮುಕ್ಕಾಲು ಮೀಟರ್ ಹೆಚ್ಚುವರಿ ಅಗಲದ ಬೆಲೆ, ಸಿರಿವಂತನ ಸೋಫಾಕ್ಕೆ ದೊರೆಯುವ ಅಗಲದ ಬೆಲೆಗಿಂತ ಬಹಳ ಹೆಚ್ಚು.

ಪ್ರವಾಸಕ್ಕೇ ಬೇಕೆಂದಾದರೆ ಮೊದಲು ಬೇಕಾಗುವುದು ನಿಲ್ಲುವ ನೆಲ. ಎರಡೂ ಬದಿ ಕೋಣೆ ಚಾಚಿದ ಬಸ್ಸಿಗೆ ನಾಲ್ಕು ಮೀಟರಿಗೂ ಹೆಚ್ಚು ಅಗಲ, ಬಟ್ಟೆಯ ಮಾಡು ಸೇರಿದರೆ ಏಳು ಮೀಟರಿನಷ್ಟು ಸಮತಟ್ಟು ಜಾಗ ಬೇಕು. ಸಂಜಯನಗರದ ಅಡ್ಡರಸ್ತೆಯಲ್ಲಿ ಅದನ್ನು ತೆರೆದರೆ ರಸ್ತೆಯೇ ಮುಚ್ಚಿಹೋಗುತ್ತದೆ. ಯಶವಂತಪುರದಲ್ಲಿ ಕಚೇರಿ ಹೊಂದಿರುವ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೈಯಲ್ಲಿ ನಂದಿಬೆಟ್ಟದಿಂದ ಬಾದಾಮಿಯವರೆಗೆ ಮಯೂರ ಹೋಟೆಲುಗಳ ಸಾಲೇ ಇದೆ. ಅವುಗಳ ಆವರಣಗಳಲ್ಲಿ ನೀರು, ವಿದ್ಯುತ್ ಮತ್ತು ಮಲಿನಜಲ ವಿಲೇವಾರಿಯ ಸೌಲಭ್ಯವಿರುವ ಕೆಲವು ಕಾಂಕ್ರೀಟ್ ಹಾಸುಗಳನ್ನು ನಿರ್ಮಿಸುವುದು ದೊಡ್ಡ ಸಾಹಸವೇನಲ್ಲ. ಅದಾಗದೆ ವಾಹನಗಳಿಗೆ ಮಾತ್ರ ಉತ್ತೇಜನ ನೀಡಿದರೆ ಅವು ಕೆರೆದಂಡೆಗಳಲ್ಲಿ, ಹೆದ್ದಾರಿಯ ಅಂಚಿನಲ್ಲಿ ಕೋಣೆ ಚಾಚುವುದು ಖಚಿತ.

ವ್ಯವಸ್ಥೆಗಳ ತುಲನೆಯಿಂದ ಹೊಮ್ಮುವ ತೀರ್ಮಾನ ಸ್ಪಷ್ಟ. ಕರ್ನಾಟಕದ ರಸ್ತೆಗಳಿಗೆ, ಅದರಲ್ಲೂ ಭಾರದ ಬಸ್ಸಿಗೆ, ಕೈಯಿಂದ ಮುಚ್ಚಬಲ್ಲ ಹಲ್ಲುಪಟ್ಟಿ ವ್ಯವಸ್ಥೆಯೇ ಮೊದಲ ಆಯ್ಕೆ. ಅಡುಗೆಮನೆಯಂಥ ಭಾರಕ್ಕೆ ಯಾಂತ್ರಿಕ ಜೋಡಣೆಯಿರುವ ಹೈಡ್ರಾಲಿಕ್, ಹಗುರ ಮಂಚಕ್ಕೆ ಮಾತ್ರ ಗೋಡೆಯೊಳಗಿನ ಮೋಟಾರ್. ಗಾಳಿ ತುಂಬುವ ರಬ್ಬರ್, ಪ್ರಯಾಣದ ಬೀಗ ಮತ್ತು ಬ್ರೇಕಿನೊಡನೆ ಪರಸ್ಪರ ತಡೆ ಎಲ್ಲದಕ್ಕೂ ಕಡ್ಡಾಯ. ಎರಡಕ್ಕಿಂತ ಹೆಚ್ಚು ಕೋಣೆಗಳು ಅನಗತ್ಯ. ಒಂದೂ ಇಲ್ಲದಿದ್ದರೆ ನಷ್ಟವೇನಿಲ್ಲ.

ಆದರೆ ಯಂತ್ರದ ಆಯ್ಕೆಗಿಂತ ಮುಂಚಿನ ಷರತ್ತೊಂದಿದೆ. ಸಾರಿಗೆ ಇಲಾಖೆ ಇಂಥ ವಾಹನವನ್ನು ಪರಿಶೀಲಿಸುವುದಾದರೆ ಎಲ್ಲ ಕೋಣೆಗಳನ್ನೂ ಮುಚ್ಚಿಸಿ, ದೀಪ ಆರಿಸಿ, ಹಿಂದಿನ ಮಂಚದಿಂದ ಒಬ್ಬ ವೃದ್ಧರು ಎಷ್ಟು ಹೊತ್ತಿನಲ್ಲಿ ಹೊರಬರಬಲ್ಲರೆಂದು ನೋಡಬೇಕು. ಆ ಪರೀಕ್ಷೆಯಲ್ಲಿ ಸೋತ ಬಸ್ಸಿಗೆ ರಹದಾರಿ ಸಲ್ಲದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಖರ್ಚಿನ ಕುರಿತಾಗಿ. ಹಾಸಿಗೆಯನ್ನೇ ಗೋಡೆಯಾಚೆಗೆ ಚಾಚುವ ಈ ಕಾಲದಲ್ಲಿ ಆ ಮಾತು ಪ್ರಾಣಕ್ಕೂ ಅನ್ವಯಿಸುತ್ತದೆ.